ಬೇರಿಶನಿಗೆ ಇಟ್ಟ ಕುರ್ಚಿ

ನಮ್ಮ ಕ್ರಿವೊಲ್ಕಾ ಎಷ್ಟು ಸಣ್ಣ ಊರೆಂದರೆ, ಪೇಟೆಬೀದಿಯ ಈ ತುದಿಯಲ್ಲಿ ಒಬ್ಬ ಸೀನಿದರೆ ಆ ತುದಿಯವರು ‘ನೂರಿಪ್ಪತ್ತು ವರ್ಷ ಬಾಳಪ್ಪಾ’ ಎನ್ನುತ್ತಿದ್ದರು. ನಡುವಿನ ಮನೆಗಳವರು ಅಷ್ಟರಲ್ಲಿ ಅವನಿಗೆ ನ್ಯುಮೋನಿಯಾ ಎಂದು ಸುದ್ದಿ ಹಬ್ಬಿಸಿ, ಅವನ ಹೆಂಡತಿಗೆ ಎರಡನೆಯ ಗಂಡನನ್ನೂ ಗೊತ್ತುಮಾಡಿರುತ್ತಿದ್ದರು. ಪೋಲೆಂಡಿನ ಭೂಪಟದ ಮೇಲೆ ನೊಣ ಕೂತರೆ ಊರು ಮುಚ್ಚಿಹೋಗುತ್ತಿತ್ತು. ಈಗ ನೊಣ ಕೂರಬೇಕಾಗಿಲ್ಲ. ನಲವತ್ತೆರಡನೆಯ ಇಸವಿಯ ಶರತ್ಕಾಲದಲ್ಲಿ ಜರ್ಮನರು ಊರಿನ ಯೆಹೂದಿಗಳನ್ನೆಲ್ಲ ಪೇಟೆಬೀದಿಗೆ ತಂದು ನಿಲ್ಲಿಸಿದರು. ಕತ್ತಲಾಗುವುದರೊಳಗೆ ಕಾಡಿನ ಹಳ್ಳದಲ್ಲಿ ಎಲ್ಲವೂ ಮುಗಿದಿತ್ತು. ಇದೊಂದನ್ನು ದೊಡ್ಡದು ಮಾಡಿ ಹೇಳಲು ನನಗೂ ಸಾಧ್ಯವಿಲ್ಲ.

ಉಳಿದವರು ಕೆಲವರು. ಕಾಡಿನಲ್ಲಿ ಅವಿತವರು, ಕೂಲಿ ಶಿಬಿರಕ್ಕೆ ಹೋದವರು, ರಷ್ಯಾದ ಚಳಿಗೆ ಸಿಕ್ಕಿಯೂ ಸಾಯುವುದನ್ನು ಮರೆತವರು. ಹೇಗೋ ಮಾಂಟ್ರಿಯಲ್ ಸೇರಿ ‘ಕ್ರಿವೊಲ್ಕಾದವರ ಸಂಘ’ ಕಟ್ಟಿಕೊಂಡೆವು. ಮೊದಮೊದಲು ಅಧ್ಯಕ್ಷಗಿರಿಗಾಗಿ ಕೊರಳಪಟ್ಟಿ ಹಿಡಿದು ಜಗಳವಾಡಿದೆವು. ಈಗ ಜನಕ್ಕಿಂತ ಹುದ್ದೆಗಳೇ ಹೆಚ್ಚು. ನಾನೇ ಕಾರ್ಯದರ್ಶಿ, ನಾನೇ ಖಜಾಂಚಿ; ನನ್ನ ಮೇಲೆ ಅನುಮಾನ ಪಡುವವನೂ ನಾನೇ. ಸಂಘಕ್ಕೆ ಊರಾಚೆ ಸ್ವಂತ ಸ್ಮಶಾನವಿದೆ. ಅಲ್ಲಿ ಸಭೆ ಕರೆದರೆ ಹಾಜರಾತಿಗೆ ಕೊರತೆಯೇ ಬೀಳುವುದಿಲ್ಲ.

ಈ ಸಂಘದಲ್ಲಿ ಸಾವಿನ ಸುಳಿವೂ ತಾಗದ ಸದಸ್ಯ ಒಬ್ಬನಿದ್ದ: ಬೇರಿಶ್. ಹೊಟ್ಟೆಯ ಕಾಟವೊಂದು ಬಿಟ್ಟರೆ ಆಳು ಗಟ್ಟಿ. ಅವನಿಗೆ ಏಳು ವರ್ಷವಾದ ಮೇಲೆ ನಾವ್ಯಾರೂ ಅವನನ್ನು ಕಂಡಿಲ್ಲ. ಅವನ ಸಮಾಚಾರವೆಲ್ಲ ನಮಗೆ ಬರುತ್ತಿದ್ದದ್ದು ಅವನ ಅಕ್ಕನಿಂದ. ಅಕ್ಕನ ಹೆಸರು ಪೆಸ್ಯಾ ಕಾಮಿನರ್. ಇದು ಅವಳ ಕಥೆ.

ಪೆಸ್ಯಾ ಸೇಂಟ್ ಲಾರೆನ್ಸ್ ಬೀದಿಯ ಕೋಟಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಜಾ ಹೊಲಿದವಳು. ಅವಳು ಹೊಲಿದ ಕಾಜಾಗಳನ್ನು ಒಂದರ ಪಕ್ಕ ಒಂದಿಟ್ಟಿದ್ದರೆ ಇಲ್ಲಿಂದ ಕ್ರಿವೊಲ್ಕಾದ ತನಕ ಒಂದೇ ತೂತಾಗುತ್ತಿತ್ತು. ನಾಲಿಗೆ ಸೂಜಿಗಿಂತ ಚೂಪು. ಒಮ್ಮೆ ಮೇಸ್ತ್ರಿ, “ಪೆಸ್ಯಾ, ಇಷ್ಟು ನಿಧಾನಕ್ಕೆ ಹೊಲಿದ್ರೆ ಚಳಿಗಾಲ ಮುಗಿದುಹೋಗುತ್ತೆ” ಎಂದ. “ನಿಮ್ಮ ಕೋಟು ಹಾಕ್ಕೊಂಡೋರಿಗೆ ಹೇಗಿದ್ರೂ ಚಳಿಗಾಲ ಮುಗಿಯಲ್ಲ ಬಿಡಿ” ಎಂದಳು ಇವಳು. ಗಂಡ ಬೇಗ ಹೋದ. ಮಗಳು ಮಾಲ್ಕಾ, ಮೊಮ್ಮಗಳು ನವೋಮಿ. ಮಗಳಿಗೆ ಇಟ್ಟದ್ದು ಪೆಸ್ಯಾಳ ತಾಯಿಯ ಹೆಸರು, ಮೊಮ್ಮಗಳಿಗೆ ಇಟ್ಟದ್ದು ತಂಗಿಯ ಹೆಸರು. ಆ ತಾಯಿ, ಆ ತಂಗಿ ಇಬ್ಬರೂ ಆ ಹಳ್ಳದಲ್ಲಿದ್ದಾರೆ.

ನಮ್ಮಲ್ಲಿ ಪದ್ಧತಿ ಹಾಗೆ. ಮಗುವಿಗೆ ಸತ್ತವರ ಹೆಸರಿಡಬೇಕು; ಬದುಕಿರುವವರ ಹೆಸರು ಮಾತ್ರ ಕೂಡದು. ಇಟ್ಟರೆ, ಮುದುಕನನ್ನು ಒಯ್ಯಲು ಬಂದ ಸಾವಿನ ದೂತ ಹೆಸರು ನೋಡಿ ತೊಟ್ಟಿಲಿಗೆ ಕೈ ಹಾಕಿಬಿಟ್ಟಾನು. ಹಾಗಾಗಿ ಯುದ್ಧ ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಹುಟ್ಟಿದ ಮಕ್ಕಳು ಒಂದೊಂದೂ ಒಂದೊಂದು ಹೆಣದ ಹೆಸರು ಹೊತ್ತೇ ಶಾಲೆಗೆ ಹೋದವು. ಹೆಸರುಗಳು ಎಷ್ಟಿದ್ದವೆಂದರೆ ಮಕ್ಕಳು ಸಾಲದೆ ಬಂದವು.

ಪೆಸ್ಯಾಳ ಮನೆಯಲ್ಲಿ ಯಾರಿಗೂ ಕೊಡಬಾರದ ಹೆಸರು ಒಂದಿತ್ತು. ಆ ದಿನ ಪೇಟೆಬೀದಿಯಲ್ಲಿ ನೂಕುನುಗ್ಗಲಾದಾಗ ಅವಳು ತಮ್ಮ ಬೇರಿಶನನ್ನು ಬೇಲಿಯ ಸಂದಿಯಿಂದ ಆಚೆ ತಳ್ಳಿ, ಅಲ್ಲಿ ನಿಂತಿದ್ದ ಒಬ್ಬ ರೈತ ಹೆಂಗಸಿನ ಎಲೆಕೋಸಿನ ಗಾಡಿಗೆ ಹತ್ತಿಸಿದಳು. ಹೆಂಗಸು ಬೇಡವೆನ್ನಲಿಲ್ಲ. ಗಾಡಿ ಹಿಟ್ಟಿನ ಗಿರಣಿಯ ತಿರುವಿನವರೆಗೆ ಕಂಡಿತು. ಪೆಸ್ಯಾಳನ್ನು ಹೊಲಿಗೆ ಬಲ್ಲವಳೆಂದು ಆರಿಸಿ ಕೂಲಿ ಶಿಬಿರಕ್ಕೆ ಕಳಿಸಿದರು. ಯುದ್ಧ ಮುಗಿದ ಮೇಲೆ ಅವಳು ನಡೆದೇ ಊರಿಗೆ ಹೋದಳು. ಗಿರಣಿ ಇತ್ತು. ಆ ಹೆಂಗಸಿನ ಮನೆಯಿದ್ದ ಕಡೆ ಸುಟ್ಟ ಒಲೆ, ಅದರ ಸುತ್ತ ತುರಿಕೆ ಗಿಡ. ಕೇಳಿದವರೆಲ್ಲ ಗೊತ್ತಿಲ್ಲವೆಂದು ತಲೆಯಾಡಿಸಿದರು. ಮನೆಯ ಉಳಿದವರು ಸತ್ತದ್ದನ್ನು ಕಂಡವರಿದ್ದರು. ಬೇರಿಶ್ ಸತ್ತದ್ದನ್ನು ಕಂಡವರು ಯಾರೂ ಇರಲಿಲ್ಲ.

ಕಂಡವರಿಲ್ಲದ ಮೇಲೆ ಅವನು ಸತ್ತಿಲ್ಲ. ಪೆಸ್ಯಾಳ ನ್ಯಾಯ ಇಷ್ಟೇ. ಪ್ರತಿ ಶರತ್ಕಾಲ ಸಂಘದ ಸ್ಮರಣೆಯ ದಿನ ನಾವು ಒಬ್ಬೊಬ್ಬರಾಗಿ ಎದ್ದು ನಮ್ಮವರ ಹೆಸರು ಹೇಳಿ ಮೇಣದಬತ್ತಿ ಹಚ್ಚುತ್ತೇವೆ. ಅವಳು ಅಪ್ಪ, ಅಮ್ಮ, ತಂಗಿಯರು ಎಲ್ಲರನ್ನೂ ಹೇಳಿ, ಬೇರಿಶ್ ಬರುವ ಜಾಗಕ್ಕೆ ತುಟಿ ಮುಚ್ಚಿ ಬಂದು ಕೂರುತ್ತಿದ್ದಳು. ಒಮ್ಮೆ ಹೊಸ ಅಧ್ಯಕ್ಷನೊಬ್ಬ ಪಾಪ, ಮರೆತಳೇನೋ ಎಂದು ತಾನೇ ಆ ಹೆಸರು ಸೇರಿಸಿದ. ಬಿಸಿ ಚಹಾದ ಗಾಜಿನ ಲೋಟ ಅವನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. ಮರುವರ್ಷ ಅವನು ಚುನಾವಣೆಗೇ ನಿಲ್ಲಲಿಲ್ಲ.

ಹನುಕ್ಕಾ ಹಬ್ಬದ ಮೂರನೆಯ ದೀಪದ ದಿನ ಬೇರಿಶನ ಹುಟ್ಟುಹಬ್ಬ. ಅಂದು ಅವನಿಗೆ ಎಷ್ಟು ತುಂಬಿತೆಂದು ಅವಳೇ ಹೇಳುತ್ತಿದ್ದಳು. ವರ್ಷ ಕಳೆದಂತೆ ಹುಡುಗ ಬೆಳೆದ. ಅನಾಥ ಮಕ್ಕಳು ಕೆಲವರು ಅರ್ಜೆಂಟೀನಾ ಸೇರಿದರೆಂಬ ಗಾಳಿಮಾತು ಬಂದಿತ್ತು. ಬೇರಿಶ್ ಬ್ಯೂನಸ್ ಐರಿಸ್‌ನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟ. ಮದುವೆಯಾದ. ತಲೆ ಬೋಳಾಯಿತು. ಹೊಟ್ಟೆಯ ಕಾಟ ಶುರುವಾಯಿತು.

“ಖಾರ ಇವನಿಗೆ ಆಗಲ್ಲ. ಅಪ್ಪನ ಹೊಟ್ಟೆ ಬಂದಿದೆ” ಎನ್ನುತ್ತಿದ್ದಳು.

“ಪತ್ರ ಹಾಕಬಾರದೇನು ನಿನ್ನ ತಮ್ಮ?” ಎಂದರೆ, “ನಿನ್ನ ಮಗ ಮೂರು ಬೀದಿ ಆಚೆ ಇದಾನೆ, ಎಷ್ಟು ಪತ್ರ ಹಾಕ್ತಾನೆ ಲೇಝರ್?” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಕ್ರಿವೊಲ್ಕಾದವರಿಗೆ ಇದನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ಗೊತ್ತಿತ್ತು. “ಹೊಟ್ಟೆಗೆ ಸಬ್ಬಸಿಗೆ ನೀರು ಕುಡಿಯೋಕೆ ಹೇಳು” ಎನ್ನುತ್ತಿದ್ದೆವು, ಇಸ್ಪೀಟು ಮುಂದುವರಿಸುತ್ತಿದ್ದೆವು. ಹೊರಗಿನವರಿಗೆ ಬಿಡಿಸಿ ಹೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ. ಹಿಮ ತಣ್ಣಗಿರುತ್ತದೆಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಹೊರಗಿನವರು ಬಂದದ್ದು ನವೋಮಿಯ ಮದುವೆಯಿಂದ. ಹುಡುಗ ಅರ್ಮಾನ್, ಮೊರಾಕ್ಕೋದಿಂದ ಬಂದ ಯೆಹೂದಿಗಳ ಮನೆಯವನು. ಅವನ ತಂದೆ ಅಮ್ರಾಮ್ ಬೆನ್‌ಶಿಮೋಲ್, ತಾಯಿ ಸೋಲಿಕಾ. ಚಿನ್ನದಂಥ ಜನ. ಅವರ ಮಾತು ಅರಬ್ಬಿ ಬೆರೆತ ಫ್ರೆಂಚು, ನಮ್ಮದು ಯಿಡ್ಡಿಷ್ ಬೆರೆತ ಇಂಗ್ಲಿಷು. ಬೀಗರು ಕೂತು ಮಾತಾಡುವುದೆಂದರೆ ಇಬ್ಬರು ಕುರುಡರು ಒಂದೇ ಕೊಡೆ ಹಿಡಿದು ರಸ್ತೆ ದಾಟಿದ ಹಾಗೆ. ಸೋಲಿಕಾ ಬಡಿಸಿದ ಮೀನಿನ ಸಾರು ತಿಂದು ನನ್ನ ಕಿವಿಯಿಂದ ಹೊಗೆ ಬಂದು ಅಗ್ನಿಶಾಮಕದವರು ಬಾಗಿಲು ತಟ್ಟಿದ್ದರು. ಪೆಸ್ಯಾ ಮಾತ್ರ ನೀರು ಕುಡಿಯುತ್ತಾ, “ಪುಣ್ಯಕ್ಕೆ ಬೇರಿಶ್ ಬಂದಿಲ್ಲ. ಇದನ್ನ ತಿಂದಿದ್ರೆ ಅವನ ಹೊಟ್ಟೆ ಏನಾಗ್ತಿತ್ತೋ” ಎಂದಳು. ಸೋಲಿಕಾ ಕನಿಕರದಿಂದ ತಲೆದೂಗಿದಳು.

ತೊಂಬತ್ತೊಂಬತ್ತನೆಯ ಇಸವಿಯ ಫೆಬ್ರವರಿಯಲ್ಲಿ ನವೋಮಿಗೆ ಗಂಡುಮಗು ಹುಟ್ಟಿತು. ಎಂಟನೆಯ ದಿನ ಸುನ್ನತಿ. ಅಂದೇ ಹೆಸರು ಕೂಗುವುದು. ಹುಡುಗಿ ಅಜ್ಜಿಗೆ ಸಂತೋಷವಾಗಲೆಂದು ಆಸ್ಪತ್ರೆಯಿಂದಲೇ ಫೋನ್ ಮಾಡಿದಳು. ನಾನು ಆಗ ಪೆಸ್ಯಾಳ ಅಡುಗೆಮನೆಯಲ್ಲಿ ಸಕ್ಕರೆ ಗಡ್ಡೆ ಹಲ್ಲಿನಲ್ಲಿ ಕಚ್ಚಿಕೊಂಡು ಚಹಾ ಹೀರುತ್ತಿದ್ದೆ. ಫೋನಿನ ಮಾತು ನನಗೂ ಕೇಳಿಸಿತು. ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದು ಬಾಬಿ ಎಂದು.

“ಬಾಬಿ, ಮಗೂಗೆ ಬೇರಿಶ್ ಅಂತ ಇಡ್ತೀವಿ.”

ಪೆಸ್ಯಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. “ಯಾರು ಸತ್ತರು?” ಎಂದಳು.

“ಯಾರೂ ಇಲ್ಲ ಬಾಬಿ... ಅಲ್ಲ, ನಾನು ಅಂದಿದ್ದು...”

“ನನ್ನ ತಮ್ಮನ್ನ ಕೊಲ್ಲೋಕೆ ನಿನಗೆ ಯಾರು ಹೇಳಿದ್ರು? ಅವನು ಇರೋವಾಗ ಆ ಹೆಸರಿಟ್ಟು ಹಸುಗೂಸಿನ ಮೇಲೆ ದೂತನ ಕಣ್ಣು ಬೀಳೋ ಹಾಗೆ ಮಾಡ್ತೀಯಾ? ಹೆಸರು ಕೂಗೋ ದಿನ ನಾನು ಬರಲ್ಲ.”

ಫೋನ್ ಇಟ್ಟಳು. ಒಲೆಯ ಮೇಲಿನ ಹಾಲು ಉಕ್ಕಿ ಸುಟ್ಟ ವಾಸನೆ ಬಂತು, ಇಬ್ಬರೂ ಏಳಲಿಲ್ಲ.

“ಪೆಸ್ಯಾ,” ಎಂದೆ ಕೊನೆಗೆ, “ನಿನಗೆ ಎಪ್ಪತ್ತೇಳು. ಹೃದಯದ ಡಾಕ್ಟರು ನಿನ್ನ ಮುಂದೆ ಬಾಯಿಬಿಟ್ಟು ಏನೂ ಹೇಳಲ್ಲ. ನೀನು ಹೋದ ಮೇಲೆ ಆ ಹೆಸರು ಯಾರ ಬಾಯಲ್ಲಿರುತ್ತೆ?”

“ಅದನ್ನೇ ಯೋಚಿಸ್ತಿದೀನಿ ಕಣೋ ಮುಠ್ಠಾಳ” ಎಂದಳು. “ಇಟ್ಟರೆ ಅವನು ಸತ್ತ. ಇಡದಿದ್ರೆ ನಾನು ಸತ್ತ ದಿನ ಅವನು ಇರಲೇ ಇಲ್ಲ ಅಂತಾಗುತ್ತೆ. ನೀನು ತಮಾಷೆಗಾರ ಅಲ್ವಾ, ನಗಿಸು ನೋಡೋಣ.”

ನಾನು ಎದ್ದು ಒಲೆ ಆರಿಸಿದೆ.

ಎರಡು ದಿನ ಬಿಟ್ಟು ಅಮ್ರಾಮ್ ಬೆನ್‌ಶಿಮೋಲ್ ತಾನೇ ಬಂದ. ಬಾದಾಮಿ ಮಿಠಾಯಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಹಿಮ ಮೆತ್ತಿದ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಸೊಸೆ ಅವನ ಹತ್ತಿರ ಅತ್ತಿದ್ದಳು: ಅಜ್ಜಿಯ ತಮ್ಮ ಇನ್ನೂ ಇದ್ದಾನಂತೆ, ಅದಕ್ಕೇ ಅವನ ಹೆಸರು ಕೂಡದಂತೆ.

“ಮದಾಂ, ಒಂದು ಮಾತು ಕೇಳ್ತೀನಿ. ನಿಮ್ಮ ತಮ್ಮ ಬದುಕಿದಾರೆ ತಾನೆ?”

“ಇಲ್ಲ ಅಂತ ಯಾರು ಹೇಳಿದ್ರು?”

“ಹಾಗಾದ್ರೆ ಇನ್ನೇನು ಬೇಕು!” ಎಂದು ಅವನು ತೊಡೆ ತಟ್ಟಿಕೊಂಡ. “ನಮ್ಮಲ್ಲಿ ಬದುಕಿರೋವಾಗಲೇ ಇಡೋದು. ಆ ಮನುಷ್ಯ ತನ್ನ ಹೆಸರು ಕೂಗೋದನ್ನ ಸ್ವಂತ ಕಿವಿಯಿಂದ ಕೇಳಲಿ ಅಂತ. ನನ್ನ ಹೆಸರು ಮೂರು ಮೊಮ್ಮಕ್ಕಳಿಗಿದೆ. ಒಬ್ಬನ್ನ ಕರೆದ್ರೆ ಮೂರೂ ಓಡಿಬರ್ತವೆ. ನಾನು ಸತ್ತಿದೀನಾ? ನೋಡಿ, ಮುಟ್ಟಿ ನೋಡಿ. ಮಗು ತಂದೆ ಕಡೆಗೆ ಸೇರಿದ್ದು, ನಮ್ಮ ಪದ್ಧತಿ ನಡೀಲಿ.”

“ಸಾವಿನ ದೂತ ತಪ್ಪು ಮಾಡಿದ್ರೆ?”

“ನಮ್ಮ ಮೆಕ್ನೆಸ್ ಊರಲ್ಲಿ ಅವನು ತಾತನ ಬದಲು ಮೊಮ್ಮಗನ್ನ ಎತ್ಕೊಂಡು ಹೋಗಿದ್ದು ಕೇಳೇ ಇಲ್ಲ ಮದಾಂ. ವಯಸ್ಸು ನೋಡಿಯೇ ಬರ್ತಾನೆ. ನಿಮ್ಮ ಪೋಲೆಂಡಿನ ದೂತನಿಗೆ ಕಣ್ಣು ಮಂಜಾ?”

ಪೆಸ್ಯಾ ಬಾದಾಮಿ ಮಿಠಾಯಿಯ ದಾರ ಬಿಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನಮ್ಮ ಕಡೆ ಬಂದೋನು ವಯಸ್ಸು ನೋಡ್ಲಿಲ್ಲ” ಎಂದಳು.

ಅಮ್ರಾಮ್ ಟೋಪಿ ನೋಡಿಕೊಂಡ. ಹಿಮ ಕರಗಿ ಅವನ ಷರಾಯಿ ಒದ್ದೆಯಾಗುತ್ತಿತ್ತು. ನಾನಂದುಕೊಂಡೆ: ಈ ಮನುಷ್ಯ ಎಲ್ಲ ಬಲ್ಲ. ಹುಡುಗ ಹೋಗಿದ್ದಾನೆಂದು ಗೊತ್ತಿದ್ದೂ ಮುದುಕಿಯ ಮನಸ್ಸು ಉಳಿಸಲು ಎಂಥ ಬಾಗಿಲು ಹುಡುಕಿದ್ದಾನೆ! ದೇಶದೇಶಗಳ ಜಗಳ ತೀರಿಸಲು ಇಂಥವನನ್ನು ಕಳಿಸಬೇಕು. ಅಂದು ಸಂಜೆ ಸಂಘದವರಿಗೆಲ್ಲ ಫೋನ್ ಮಾಡಿ ಮೊರಾಕ್ಕೋದವನ ಜಾಣತನವನ್ನು ಆರು ಪಟ್ಟು ಹಿಗ್ಗಿಸಿ ಹೇಳಿದೆ.

ಮರುದಿನ ಪೆಸ್ಯಾ ಮೊಮ್ಮಗಳಿಗೆ ಫೋನ್ ಮಾಡಿದಳು. “ಇಡು. ನಿನ್ನ ಮಾವನ ಪದ್ಧತಿ ಪ್ರಕಾರ ಇಡು. ಬದುಕಿರೋನ ಹೆಸರು ಅಂತ ಇಡು, ತಿಳೀತಾ?” ದನಿಯಲ್ಲಿ ಹುಡುಗಿಯಂಥ ಹುರುಪಿತ್ತು. ಪೇಟೆಗೆ ಹೋಗಿ ನೀಲಿ ಹ್ಯಾಟು ಕೊಂಡು ತಂದಳು. ಅದು ಎಷ್ಟು ಅಗಲವಿತ್ತೆಂದರೆ ಅದರ ನೆರಳಿನಲ್ಲಿ ಒಂದು ಮದುವೆ ಮಾಡಬಹುದಿತ್ತು.

ಎಂಟನೆಯ ದಿನ ನವೋಮಿಯ ಮನೆ ಕಿಕ್ಕಿರಿದಿತ್ತು. ಒಂದು ಕಡೆ ಕ್ರಿವೊಲ್ಕಾದವರು, ಹೆರಿಂಗ್ ಮೀನಿನ ತಟ್ಟೆಯ ಸುತ್ತ. ಇನ್ನೊಂದು ಕಡೆ ಬೆನ್‌ಶಿಮೋಲರು, ಹಾಡುತ್ತಾ. ಸುನ್ನತಿ ಮಾಡುವ ರಬ್ಬಿ ಕೈ ತೊಳೆದು ತಯಾರಾಗಿ ನಿಂತಿದ್ದ. ನಡುಮನೆಯಲ್ಲಿ ಎಲ್ಲ ಕಡೆ ಇಡುವಂತೆ ಪ್ರವಾದಿ ಎಲೀಯನಿಗೆ ಒಂದು ಕುರ್ಚಿ ಇಟ್ಟಿದ್ದರು. ಅದರ ಪಕ್ಕದಲ್ಲಿ ಇನ್ನೊಂದು ಕುರ್ಚಿ. ಅದಕ್ಕೆ ಸೋಲಿಕಾ ತನ್ನ ಮದುವೆಯ ಕಾಲದ್ದೆಂದು ಹೇಳುತ್ತಿದ್ದ, ಜರಿ ಕಸೂತಿಯ ನೀಲಿ ಮಖಮಲ್ಲು ಹೊದಿಸಿದ್ದಳು.

ಪೆಸ್ಯಾ ಮಗುವನ್ನು ಮೆತ್ತೆಯ ಮೇಲಿಟ್ಟುಕೊಂಡು ಒಳಗಿನಿಂದ ಬಂದಳು. ಒಯ್ದು ತರುವ ಗೌರವ ಅವಳದು. ಎರಡನೆಯ ಕುರ್ಚಿ ನೋಡಿ ನಿಂತಳು.

“ಇದು ಯಾರಿಗೆ?”

“ಮೊಸ್ಯೂ ಬೇರಿಶ್‌ಗೆ!” ಎಂದಳು ಸೋಲಿಕಾ. ಅವಳ ಮುಖ ಅರಳಿತ್ತು. “ಹೆಸರಿನೋರು ಪಕ್ಕದಲ್ಲೇ ಕೂತು ಕೇಳಬೇಕು. ನಾನು ಬಾಗಿಲು ನೋಡ್ತಾನೇ ಇದೀನಿ. ವಿಮಾನ ತಡವಾಯ್ತಾ? ಈ ಹಿಮದಲ್ಲಿ ಪಾಪ... ಹೊಟ್ಟೆ ಬಗ್ಗೆ ಚಿಂತೆ ಬೇಡ ಮದಾಂ, ಅವರಿಗೆ ಅಂತಲೇ ಬೇರೆ ಕೋಳಿ ಬೇಯಿಸಿದೀನಿ. ಖಾರ ಇಲ್ಲ, ಮೆಣಸೂ ಇಲ್ಲ. ಬರೀ ಅನ್ನ, ಕೋಳಿ.”

ಮೇಜಿನ ತುದಿಯಲ್ಲಿ ಮುಚ್ಚಿದ ಸಣ್ಣ ಪಾತ್ರೆಯೊಂದು ಇತ್ತು.

ಕ್ರಿವೊಲ್ಕಾದ ಕಡೆ ಯಾರ ಫೋರ್ಕೂ ಸದ್ದು ಮಾಡಲಿಲ್ಲ. ಅಮ್ರಾಮನ ಕಡೆ ನೋಡಿದೆ. ಅವನೂ ಬಾಗಿಲ ಕಡೆ ನೋಡುತ್ತಿದ್ದ, ಅತಿಥಿಗೆ ಕಾಯುವ ಮನುಷ್ಯನ ಹಾಗೆ. ನಾನು ಜಾಣತನ ಎಂದುಕೊಂಡದ್ದು ಜಾಣತನವಾಗಿರಲಿಲ್ಲ. ಅವನು ಕೇಳಿದ್ದ, ಪೆಸ್ಯಾ ಉತ್ತರ ಹೇಳಿದ್ದಳು, ಅವನು ನಂಬಿದ್ದ. ಎರಡು ವರ್ಷದಿಂದ ಊಟದ ಮೇಜಿನಲ್ಲಿ ಕೇಳಿದ್ದನ್ನೆಲ್ಲ ಆ ಇಬ್ಬರೂ ನಂಬಿದ್ದರು. ನವೋಮಿ ಗಂಡನ ಮುಖ ನೋಡಿದಳು. ಅರ್ಮಾನ್ ಮೆಲ್ಲಗೆ, “ಅಮ್ಮನಿಗೆ ಗೊತ್ತಿದೆ ಅಂದ್ಕೊಂಡಿದ್ದೆ” ಎಂದ.

ರಬ್ಬಿಗೆ ಮಧ್ಯಾಹ್ನ ಇನ್ನೊಂದು ಮನೆಯಿತ್ತು. “ಏನು, ಕಾಯೋಣವಾ? ಶುರು ಮಾಡೋಣವಾ?” ಎಂದ.

“ಸ್ವಲ್ಪ ಕಾಯೋಣ” ಎಂದಳು ಸೋಲಿಕಾ. “ಅಷ್ಟು ದೂರದಿಂದ ಬರೋರು.”

ಎಲ್ಲರ ಕಣ್ಣೂ ಪೆಸ್ಯಾಳ ಮೇಲೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ವಿಮಾನ ರದ್ದಾಯಿತು, ಹೊಟ್ಟೆ ಕೆಟ್ಟಿತು, ಅಂಗಡಿ ಬಿಟ್ಟು ಬರಲಾಗಲಿಲ್ಲ... ನನ್ನ ಬಾಯಲ್ಲೇ ಇಪ್ಪತ್ತು ಸುಳ್ಳುಗಳು ಸಾಲು ನಿಂತಿದ್ದವು. ನಾವೆಲ್ಲ ಆಮೇಲೆ ‘ಹೌದು ಹೌದು’ ಎಂದು ಇಸ್ಪೀಟು ಮುಂದುವರಿಸುತ್ತಿದ್ದೆವು. ಅವಳು ಆ ಮಖಮಲ್ಲನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಲೋಟವನ್ನು ಯಾರ ಮೇಲೆ ಎಸೆಯಬೇಕೆಂದು ಅವಳಿಗೆ ಗೊತ್ತಿತ್ತು. ಅವನಿಗಾಗಿ ಕುರ್ಚಿ ಹಾಕಿದವರ ಮೇಲೆ ಏನನ್ನು ಎಸೆಯುವುದು?

“ಶುರು ಮಾಡಿ” ಎಂದಳು. “ಅವನು ಬರಲ್ಲ.”

“ಯಾಕೆ ಮದಾಂ? ಹುಷಾರಿಲ್ವಾ?”

“ಅವನಿಗೆ ಏಳು ವರ್ಷ” ಎಂದಳು ಪೆಸ್ಯಾ. “ಹೊಟ್ಟೆನೋವು ಅವನಿಗೆ ಯಾವತ್ತೂ ಇರ್ಲಿಲ್ಲ. ಕೊಟ್ಟಿದ್ದೆಲ್ಲ ತಿಂತಿದ್ದ. ಕೊಡೋಕೆ ನಮ್ಮ ಹತ್ರ ಇರ್ಲಿಲ್ಲ, ಅಷ್ಟೇ.”

ಸೋಲಿಕಾಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಓಡಿಬಂದು ಕುರ್ಚಿಯನ್ನು ಎಳೆಯಹೋದಳು. ಪೆಸ್ಯಾ ಮೆತ್ತೆಯನ್ನು ಒಂದು ಕೈಗೆ ಬದಲಿಸಿ, ಇನ್ನೊಂದರಿಂದ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಇರಲಿ ಬಿಡು, ಸೋಲಿಕಾ.”

ಕುರ್ಚಿ ಅಲ್ಲೇ ಉಳಿಯಿತು. ಸುನ್ನತಿ ಆಯಿತು. ರಬ್ಬಿ ‘ಇಸ್ರೇಲಿನಲ್ಲಿ ಇವನ ಹೆಸರು ಬೇರಿಶ್ ಎಂದಾಗಲಿ’ ಎಂದು ಕೂಗಿದ. ಹಾಡಲು ನಿಂತಿದ್ದ ಬೆನ್‌ಶಿಮೋಲರು ಹಾಡಲೋ ಬೇಡವೋ ಎಂದು ತಿಳಿಯದೆ ಅಮ್ರಾಮನ ಮುಖ ನೋಡಿದರು. ಅವನು ಅಳುತ್ತಿದ್ದ. ಹಾಡನ್ನು ಶುರುಮಾಡಿದವಳು ಪೆಸ್ಯಾಳೇ. ಅವಳಿಗೆ ಹಾಡಲು ಬರುತ್ತಿರಲಿಲ್ಲ, ಕ್ರಿವೊಲ್ಕಾದ ಕಾಗೆಗಳು ಅವಳಿಗಿಂತ ಮೇಲು.

ಊಟಕ್ಕೆ ಅವಳು ಬೇರೇನೂ ಮುಟ್ಟಲಿಲ್ಲ. ಆ ಸಣ್ಣ ಪಾತ್ರೆ ತೆಗೆದು, ಖಾರವಿಲ್ಲದ ಕೋಳಿ-ಅನ್ನವನ್ನು ಕೊನೆಯ ಅಗುಳಿನವರೆಗೂ ತಿಂದಳು. ಸೋಲಿಕಾ ಪಕ್ಕದಲ್ಲಿ ಕೂತು ಅವಳ ಮೊಣಕೈ ಹಿಡಿದುಕೊಂಡಿದ್ದಳು.

ನಾನೇ ಕಾರಿನಲ್ಲಿ ಅವಳನ್ನು ಮನೆಗೆ ಕರೆತಂದೆ. ಒಳಗೆ ಬಂದವಳೇ ಹ್ಯಾಟು ತೆಗೆದಿಟ್ಟಳು, ಕನ್ನಡಿಗೆ ಬಟ್ಟೆ ಹೊದಿಸಿದಳು, ಷೂ ಕಳಚಿದಳು. ಹೊಲಿಗೆ ಮಷಿನ್ನಿನ ಕೆಳಗೆ ಕಾಲಿಡಲು ಇಟ್ಟಿದ್ದ ಗಿಡ್ಡ ಮಣೆಯನ್ನು ಎಳೆದು ಅದರ ಮೇಲೆ ಕೂತಳು. ಕೋಟಿನ ಎದೆಯ ಮೇಲಿನ ಅಂಚನ್ನು ಹಿಡಿದು ಹರಿಯಲು ಎಳೆದಳು. ಅವಳೇ ಹೊಲಿದ ಕಾಜಾ. ಒಂದೇ ಎಳೆತಕ್ಕೆ ಹರಿಯಲಿಲ್ಲ.

ಸಾವಿನ ಸುದ್ದಿ ಬಹಳ ತಡವಾಗಿ ಕಿವಿಗೆ ಬಿದ್ದರೆ ನಮ್ಮಲ್ಲಿ ಏಳು ದಿನದ ಸೂತಕವಿಲ್ಲ. ಹೀಗೆ ಬಟ್ಟೆ ಹರಿದುಕೊಂಡು ಒಂದು ಗಂಟೆ ನೆಲದ ಹತ್ತಿರ ಕೂತರೆ ಸಾಕು. ಶಾಸ್ತ್ರ ಬರೆದವರು ದಯಾವಂತರು. ಅಥವಾ ನಮ್ಮಂಥವರು ಎಷ್ಟು ಜನ ಬರುತ್ತೇವೆಂದು ಮೊದಲೇ ಅಂದಾಜು ಮಾಡಿದ್ದರೇನೋ. ಕೂತವರು ಬಾಯಿ ತೆರೆಯುವ ತನಕ ನೋಡಲು ಬಂದವರು ಮಾತಾಡಬಾರದು. ಹುಟ್ಟಿದಾರಭ್ಯ ನಾನು ಅಷ್ಟು ಹೊತ್ತು ಸುಮ್ಮನಿದ್ದವನಲ್ಲ. ಅಂದು ಇದ್ದೆ.

ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಚಳಿಗಾಲದಲ್ಲಿ ಬೇಗ ಕತ್ತಲು ಇಳಿಯುವ ಊರು ಇದು.

“ಗಾಡಿ ಹತ್ತುವಾಗ ಕೇಳಿದ” ಎಂದಳು ಪೆಸ್ಯಾ, ಬಹಳ ಹೊತ್ತಿನ ಮೇಲೆ. “ಅಕ್ಕಾ, ಎಷ್ಟೊತ್ತಿಗೆ ಬರ್ತೀಯ ಅಂತ. ಒಲೆ ಮೇಲೆ ಸೂಪ್ ಇತ್ತು, ಮನೇಲಿ. ಸೂಪ್ ಆರೋದ್ರೊಳಗೆ ಬರ್ತೀನಿ ಅಂದೆ. ಅವನು ನಂಬಿದ. ಸೋಲಿಕಾ ನಂಬಿದ ಹಾಗೆ.”

ಕೋಟಿನ ಹರಿದ ಅಂಚನ್ನು ಬೆರಳಿನಲ್ಲಿ ನೇವರಿಸಿದಳು.

“ಕಾಡಿನ ಹತ್ರ ಕತ್ತಲೆ ಅಂದ್ರೆ ಅವನಿಗೆ ಆಗ್ತಿರ್ಲಿಲ್ಲ. ಹೆದರ್ತಿದ್ದ.”

ಗೋಡೆಯ ಗಡಿಯಾರ ನೋಡಿದೆ. ಗಂಟೆ ಕಳೆದಿತ್ತು. ಹೊತ್ತಾದ ಮೇಲೆ ಏಳಿಸುವುದು ಬಂದವರ ಕೆಲಸ, ಕೈ ಚಾಚಿದೆ. “ಏಳು ಪೆಸ್ಯಾ. ಆಯ್ತು.”

ಅವಳು ನನ್ನ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

“ಅವನು ಒಂದು ಗಂಟೆಗಿಂತ ಜಾಸ್ತಿ ಕಾದಿರ್ತಾನೆ ಲೇಝರ್” ಎಂದಳು. “ಕೂತ್ಕೋ.”

ಕೂತೆ.